ಮಲೆನಾಡಿನ ಹಳೇ ಮನೆಗೆ ಉಸಿರಾಡುವ ಸುಣ್ಣದ ಗಾರೆ ನೆಲ: ಅಗೆತದಿಂದ ಹೊಳಪಿನವರೆಗೆ

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರೆ, ಬೆಳಗ್ಗೆ ಅದು ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ಬೂಷ್ಟು. ನೆಲ ಹಳೆಯದೇನೂ ಅಲ್ಲ. ಎರಡಡಿ ಚದರದ ಬಿಳಿ ವಿಟ್ರಿಫೈಡ್ ಟೈಲ್ಸ್, ಅದರಡಿ ಕಾಂಕ್ರೀಟ್, ಅದರಡಿ ಪ್ಲಾಸ್ಟಿಕ್ ಹಾಳೆ. ಹಾಕಿಕೊಟ್ಟವರು "ಇನ್ನು ಜನ್ಮದಲ್ಲಿ ತೇವ ಬರಲ್ಲ" ಅಂದಿದ್ದರು. ನೆಲದಲ್ಲಿ ಅಷ್ಟಾಗಿ ಮೇಲೇಳಲಿಲ್ಲ, ನಿಜ. ಗೋಡೆಗೆ ಹೋಯಿತು. ಎರಡೇ ಮಳೆಗಾಲಕ್ಕೆ ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿತು. ಒಳಗಿಂದ ಬಿಳಿ ಉಪ್ಪು ಉದುರತೊಡಗಿತು.

ನಮ್ಮದು ಜಂಬಿಟ್ಟಿಗೆಯನ್ನು ಮಣ್ಣಿನಲ್ಲಿ ಕಟ್ಟಿದ ಹಂಚಿನ ಮನೆ. ಇಂಥ ಗೋಡೆಗಳ ಪಂಚಾಂಗದಲ್ಲಿ, ಅಂದರೆ ಗೋಡೆಯಡಿಯ ಕಲ್ಲಿನ ಬುನಾದಿಯಲ್ಲಿ, ತೇವ ತಡೆಯುವ ಪದರ ಅಂತ ಒಂದಿರುವುದಿಲ್ಲ. ಮಣ್ಣಿನ ತೇವ ಸ್ವಲ್ಪ ನೆಲದಿಂದ, ಸ್ವಲ್ಪ ಗೋಡೆಯಿಂದ ಹೊರಬಿದ್ದು ಗಾಳಿಗೆ ಆರಿಹೋಗುತ್ತಿತ್ತು. ನೆಲದ ಬಾಯಿ ಪೂರ್ತಿ ಮುಚ್ಚಿದರೆ ಆ ನೀರಿಗೆ ಉಳಿದ ದಾರಿ ಗೋಡೆ ಒಂದೇ, ಅಲ್ವಾ? ಕೊನೆಗೆ ಟೈಲ್ಸ್ ಒಡೆದು ತೆಗೆದೆವು. ಆ ಜಾಗದಲ್ಲಿ ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ), ಇಟ್ಟಿಗೆ ಜಲ್ಲಿಯ ನೆಲ ಹಾಕಿದೆವು. ಅಡಿಯಲ್ಲಿ ತಂಪು ತಡೆಯುವ ಒಂದು ಪದರವನ್ನೂ ಕೊಟ್ಟೆವು. ಹೇಗೆ ಮಾಡಿದೆವು, ಎಲ್ಲಿ ಕೈ ಸುಟ್ಟುಕೊಂಡೆವು, ಎಲ್ಲ ಇಲ್ಲಿದೆ.

ತೇವ ಎಲ್ಲಿಂದ ಬರುತ್ತಿದೆ?

ನೆಲ ಒದ್ದೆಯಾಗುವುದಕ್ಕೆ ಎರಡು ಕಾರಣ. ಎರಡನ್ನೂ ಒಂದೇ ಅಂದುಕೊಳ್ಳುವುದೇ ಮೊದಲ ತಪ್ಪು.

ಒಂದು, ಅಡಿಯಿಂದ ಏರುವ ತೇವ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ ನೀರು ಮೇಲೇರುತ್ತದೆ. ಇನ್ನೊಂದು, ನೆಲ ಬೆವರುವುದು. ಮುಂಗಾರಿನ ಗಾಳಿ ನೀರು ಹೊತ್ತುಕೊಂಡೇ ಒಳಗೆ ಬರುತ್ತದೆ. ಮಣ್ಣಿಗೆ ನೇರ ಅಂಟಿಕೊಂಡ ಕಾಂಕ್ರೀಟು ತಣ್ಣಗಿರುತ್ತದೆ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕೂರುವ ಹಾಗೆ ಟೈಲ್ಸಿನ ಮೇಲೆ ಹನಿ ಕೂರುತ್ತದೆ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತೂಕದ 0.5%ಗಿಂತ ಕಡಿಮೆ. ಹಾಗಾಗಿ ಆ ಹನಿ ಅಲ್ಲೇ ನಿಲ್ಲುತ್ತದೆ, ಅಜ್ಜಿ ಜಾರಿ ಬೀಳುವವರೆಗೆ.

ಪರೀಕ್ಷೆ ಸುಲಭ. ಒಂದಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಟೈಲ್ಸ್ ನೆಲವಾದರೆ ಸಂದುಗಳು ಕೂಡುವ ಜಾಗದ ಮೇಲೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ಹನಿ ಇದ್ದರೆ ತೇವ ಮಣ್ಣಿನದು. ಮೇಲೆ ಇದ್ದರೆ ಗಾಳಿಯದು. ನಮ್ಮಲ್ಲಿ ಎರಡೂ ಕಡೆ ಇತ್ತು. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳದ್ದು ಇದೇ ಕಥೆ.

ಅದಕ್ಕೇ ಈ ನೆಲದಲ್ಲಿ ಎರಡು ಪದರಗಳಿಗೆ ಎರಡು ಕೆಲಸ. ದಪ್ಪ ಜಲ್ಲಿಯ ಪದರ ಬತ್ತಿಯನ್ನು ಕತ್ತರಿಸುತ್ತದೆ. ಅದರ ಮೇಲಿನ, ಸುಟ್ಟ ಜೇಡಿಮಣ್ಣಿನ ಹಗುರ ಉಂಡೆಗಳ ಪದರ ಮಣ್ಣಿನ ತಂಪನ್ನು ತಡೆಯುತ್ತದೆ. ಆಗ ನೆಲದ ಮೇಲ್ಮೈ ಕೋಣೆಯ ಬಿಸಿಗೆ ಹತ್ತಿರ ಇರುತ್ತದೆ, ಬೆವರುವುದು ಕಡಿಮೆ. ಮೇಲಿನ ಸುಣ್ಣದ ಪದರ ಸ್ವಲ್ಪ ತೇವ ಹೀರಿಕೊಂಡು, ಬಿಸಿಲು ಬಂದಾಗ ಬಿಡುತ್ತದೆ.

ಇಲ್ಲೊಂದು ಮಾತು. ನೀವು ರಾಯಚೂರು, ಕಲಬುರಗಿ ಕಡೆಯವರಾದರೆ ಆ ಉಂಡೆಗಳ ಪದರ ಬೇಡವೇ ಬೇಡ. ಅಲ್ಲಿ ಬೇಸಿಗೆಯಲ್ಲಿ ಮಣ್ಣಿನ ತಂಪು ಕಾಲಿಗೆ ತಾಗುವುದೇ ಪುಣ್ಯ. ದುಡ್ಡು ಕೊಟ್ಟು ಅದನ್ನು ಯಾಕೆ ತಡೆಯಬೇಕು? ಜಲ್ಲಿ, ಅದರ ಮೇಲೆ ಸುಣ್ಣದ ಕಾಂಕ್ರೀಟು, ಮೇಲೆ ಶಹಾಬಾದ್ ಕಲ್ಲು. ಸಾಕು.

ಈ ನೆಲ ಎಲ್ಲಿ ಆಗುವುದಿಲ್ಲ

ಆಶ್ಲೇಷಾ ಮಳೆಯಲ್ಲಿ ಕೆಲವು ಮನೆಗಳ ನೆಲದಿಂದ ನೀರು ಜಿನುಗಿ ಒರತೆಯೇ ಏಳುತ್ತದೆ. ಅದು ತೇವ ಅಲ್ಲ, ಒತ್ತಡದಲ್ಲಿರುವ ನೀರು. ಸುಣ್ಣದ ನೆಲ ಅದನ್ನು ತಡೆಯುವುದಿಲ್ಲ. ಮೊದಲು ಮನೆಯ ಹಿಂದಿನ ಧರೆಯ (ಕಡಿದ ಗುಡ್ಡದ) ಕಡೆ ಆಳದ ಚರಂಡಿ ತೋಡಿ ಆ ನೀರನ್ನು ಬೇರೆ ದಾರಿಗೆ ತಿರುಗಿಸಬೇಕು.

ಒರತೆ ಇಲ್ಲದಿದ್ದರೂ ಹೊರಗಿನ ಕೆಲಸವೇ ಮೊದಲು. ಮಾಡಿನ ನೀರು ಎಲ್ಲಿ ಬೀಳುತ್ತದೆ? ಅಂಗಳದ ಮಟ್ಟ ವರ್ಷ ವರ್ಷ ಮಣ್ಣು ಹಾಕಿ ಹಾಕಿ ಪಂಚಾಂಗದ ಮೇಲಕ್ಕೆ ಬಂದಿದೆಯೇ? ಬಚ್ಚಲಿನ ಪೈಪ್ ಗೋಡೆಯೊಳಗೆ ಸೋರುತ್ತಿದೆಯೇ? ನಮ್ಮ ಮನೆಯಲ್ಲಿ ಅರ್ಧ ತೇವಕ್ಕೆ ಕಾರಣ ಬಚ್ಚಲಿನ ಹಿಂದೆ ಒಡೆದಿದ್ದ ಒಂದು ಬೆಂಡ್ ಪೈಪ್. ಅದನ್ನು ಬದಲಾಯಿಸಲು ಒಂದು ಗಂಟೆ ಹಿಡಿಯಿತು. ಅದು ಸಿಕ್ಕಿದ್ದು ಮಾತ್ರ ನೆಲ ಅಗೆದ ಮೇಲೆ.

ಯಾವಾಗ ಶುರು ಮಾಡಬೇಕು

ದೀಪಾವಳಿ ಕಳೆದು ಮಣ್ಣು ಸ್ವಲ್ಪ ಆರಿದ ಮೇಲೆ ಅಗೆಯಿರಿ. ಶಿವರಾತ್ರಿಯ ಒಳಗೆ ಟೈಲ್ಸ್ ಕೂತಿರಬೇಕು. ಆಮೇಲೆ ಮಳೆಯವರೆಗೆ ನೆಲಕ್ಕೆ ಆರಲು ಎರಡು ಮೂರು ತಿಂಗಳು ಸಿಗುತ್ತದೆ. ಏಪ್ರಿಲ್‌ನಲ್ಲಿ ಶುರು ಮಾಡಿ ಮಳೆಗೆ ಮುಂಚೆ ಮುಗಿಸುತ್ತೇನೆ ಅನ್ನುವವರಿಗೆ ನನ್ನ ಸಲಹೆ: ಬೇಡ, ಮುಂದಿನ ವರ್ಷ ಮಾಡಿ. ಸುಣ್ಣಕ್ಕೆ ಅವಸರ ಆಗಿಬರುವುದಿಲ್ಲ.

ಸುಣ್ಣ ಅರಳಿಸುವುದನ್ನು, ಅಂದರೆ ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಕರಗಿಸಿಡುವುದನ್ನು, ಮಾತ್ರ ಇನ್ನೂ ಒಂದು ತಿಂಗಳು ಮೊದಲೇ ಮುಗಿಸಿಟ್ಟುಕೊಳ್ಳಿ.

12 ಅಡಿ × 14 ಅಡಿ ಕೋಣೆಗೆ ಏನೇನು ಬೇಕು

168 ಚದರಡಿಯ ನಮ್ಮ ನಡುಮನೆಯ ಲೆಕ್ಕ ಇದು. ಒಟ್ಟು 14 ಇಂಚು ಆಳ: 4 ಇಂಚು ಜಲ್ಲಿ, 4 ಇಂಚು ಹಗುರ ಉಂಡೆ, 4 ಇಂಚು ಸುಣ್ಣದ ಕಾಂಕ್ರೀಟು, ಉಳಿದ 2 ಇಂಚು ಟೈಲ್ಸ್ ಮತ್ತು ಅದರಡಿಯ ಗಾರೆಗೆ.

- 40 ಎಂಎಂ ಜಲ್ಲಿ, ಸುಮಾರು 65 ಘನ ಅಡಿ. ಪುಡಿ ಇರಬಾರದು, ತೊಳೆದದ್ದಾದರೆ ಒಳ್ಳೆಯದು.
- ಲೆಕಾ ಉಂಡೆ, 50 ಲೀಟರ್ ಚೀಲ ಸುಮಾರು 35. ಜೇಡಿಮಣ್ಣನ್ನು ಬಿಸಿಗೆ ಉಬ್ಬಿಸಿ ಸುಟ್ಟ ಗುಂಡು ಇದು. ತಾರಸಿ ತೋಟದವರು ಕುಂಡಕ್ಕೆ ಹಾಕುತ್ತಾರಲ್ಲ, ಅದೇ. 10ರಿಂದ 20 ಎಂಎಂ ಗಾತ್ರದ್ದು ಬೇಕು.
- ಜಿಯೋಟೆಕ್ಸ್‌ಟೈಲ್ ಬಟ್ಟೆ, ಚದರ ಮೀಟರಿಗೆ 150ರಿಂದ 200 ಗ್ರಾಂ ತೂಗುವ, ನೇಯದ ಬಗೆ. ಎರಡು ಪದರಕ್ಕೆ ಸುಮಾರು 450 ಚದರಡಿ.
- ಸುಟ್ಟ ಸುಣ್ಣದ ಕಲ್ಲು, ಕಾಂಕ್ರೀಟಿಗೆ ಸುಮಾರು 250 ಕೆಜಿ. ಟೈಲ್ಸ್ ಕೂರಿಸಲು ಇನ್ನೊಂದು 60 ಕೆಜಿ.
- ಇಟ್ಟಿಗೆ ಜಲ್ಲಿ, ಅಡಿಕೆ ಗಾತ್ರದ ಚೂರು, ಸುಮಾರು 66 ಘನ ಅಡಿ.
- ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಸುಮಾರು 30 ಘನ ಅಡಿ.
- ನೆಲದ ಮಣ್ಣಿನ ಟೈಲ್ಸ್, 180 ಚದರಡಿ. ಒಡೆಯುವುದಕ್ಕೂ ಲೆಕ್ಕ ಇರಲಿ.

ಲೆಕಾ ನಿಮ್ಮೂರಿನ ಹತ್ತಿರ ಸಿಗದಿದ್ದರೆ, ಸಿಕ್ಕರೂ ಬಾಡಿಗೆ ಲಾರಿ ದುಬಾರಿಯಾದರೆ, ಜಲ್ಲಿಯ ಪದರವನ್ನೇ 6 ಇಂಚು ಮಾಡಿ ಉಂಡೆ ಬಿಟ್ಟುಬಿಡಿ. ಏರುವ ತೇವ ನಿಲ್ಲುತ್ತದೆ. ಬೆವರುವುದು ಅಷ್ಟಾಗಿ ನಿಲ್ಲುವುದಿಲ್ಲ. ಇಂಗ್ಲೆಂಡ್ ಕಡೆ ಹಳೇ ಕಲ್ಲಿನ ಮನೆಗಳಿಗೆ ಈ ಕೆಲಸವನ್ನು ಉಬ್ಬಿಸಿದ ಗಾಜಿನ ಚೂರಿನಿಂದ ಮಾಡುತ್ತಾರೆ. ಅವರದು ಚಳಿಯ ಸಮಸ್ಯೆ, ನಮ್ಮದು ಬೆವರಿನದು. ಪದರಗಳ ಲೆಕ್ಕಾಚಾರ ಮಾತ್ರ ಹೆಚ್ಚೂಕಡಿಮೆ ಒಂದೇ.

ಸುಣ್ಣ: ಇಲ್ಲೇ ಎಲ್ಲ ಗೆಲ್ಲುವುದು, ಸೋಲುವುದು

ಭಾರತೀಯ ಮಾನಕ ಐಎಸ್ 712 ಕಟ್ಟಡದ ಸುಣ್ಣವನ್ನು ಎ ಇಂದ ಎಫ್‌ವರೆಗೆ ದರ್ಜೆಗಳಾಗಿ ವಿಂಗಡಿಸುತ್ತದೆ. ನಮಗೆ ಬೇಕಾದ ಸಾರ ಇಷ್ಟೇ: ಕೆಲವು ಸುಣ್ಣ ನೀರಿನಲ್ಲೇ ಬಿಗಿಯುತ್ತವೆ, ಕೆಲವು ಗಾಳಿ ಇಲ್ಲದೆ ಬಿಗಿಯುವುದಿಲ್ಲ. ನಮ್ಮ ಕಡೆ ಸಿಗುವ ಬಿಳಿ ಕಲ್ಲುಸುಣ್ಣ, ಕರಾವಳಿಯ ಚಿಪ್ಪಿನ ಸುಣ್ಣ ಎರಡೂ ಎರಡನೇ ಬಗೆ. ಗೋಡೆಗೆ ತೆಳ್ಳಗೆ ಸಾರಿಸಿದರೆ ಗಾಳಿ ತಾಗಿ ಕಲ್ಲಾಗುತ್ತದೆ. 4 ಇಂಚು ದಪ್ಪದ ನೆಲದ ಹೊಟ್ಟೆಗೆ ಗಾಳಿ ಹೋಗುವುದಾದರೂ ಹೇಗೆ? ಬರೀ ಸುಣ್ಣ, ಮರಳು ಹಾಕಿದರೆ ವರ್ಷ ಕಳೆದರೂ ಒಳಗೆ ಮೊಸರಿನ ಹಾಗೇ ಇರುತ್ತದೆ.

ಅದಕ್ಕೇ ಸುರ್ಕಿ. ಹದವಾಗಿ ಬೆಂದ ಜೇಡಿಮಣ್ಣಿನ ಪುಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾ ಸುಣ್ಣದ ಜೊತೆ ಸೇರಿದರೆ ತೇವದಲ್ಲೇ ಬಿಗಿಯುತ್ತದೆ, ಗಾಳಿ ಬೇಕಿಲ್ಲ. ಹಿಂದಿನವರ ಗಾರೆಯಲ್ಲಿ ಇಟ್ಟಿಗೆ ಪುಡಿ ಇರುತ್ತಿದ್ದುದು ಬಣ್ಣಕ್ಕಲ್ಲ.

ಸುರ್ಕಿಗೆ ಊರ ಗೂಡಿನ ಇಟ್ಟಿಗೆಯೇ ಒಳ್ಳೆಯದು. ಹಸಿ ಉಳಿದದ್ದೂ ಬೇಡ, ಜಾಸ್ತಿ ಬೆಂದು ಕಪ್ಪಾಗಿ ಗಾಜಿನಂತಾದದ್ದೂ ಬೇಡ. ಪುಡಿ ಗೋಧಿ ಹಿಟ್ಟಿನಷ್ಟು ನುಣ್ಣಗಿರಬೇಕು. ಬೆರಳ ಮಧ್ಯೆ ತಿಕ್ಕಿದರೆ ಮರಳಿನ ಹಾಗೆ ಒರಟಾಗಿದ್ದರೆ ಅದು ಬರೀ ತುಂಬುವ ಸಾಮಾನು, ಬಿಗಿಯುವ ಸಾಮಾನಲ್ಲ.

ಇನ್ನು ಸುಣ್ಣ ಕೊಳ್ಳುವುದು. ಗೂಡಿನಿಂದ ಬಂದ ಹೊಸ ಕಲ್ಲೇ ಬೇಕು. ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಹಗುರ ಅನ್ನಿಸಬೇಕು. ಒಂದು ತುಂಡನ್ನು ಕಬ್ಬಿಣದ ಬಾಂಡ್ಲಿಯ ನೀರಿಗೆ ಹಾಕಿ ದೂರ ನಿಂತು ನೋಡಿ. ಸ್ವಲ್ಪ ಹೊತ್ತಿಗೆಲ್ಲ ಸೀಳಿ, ಬುಸುಗುಟ್ಟಿ, ಹಬೆಯಾಡಿದರೆ ಜೀವ ಇದೆ. ಸುಮ್ನೆ ಮುಳುಗಿ ಕೂತರೆ ಅದು ಸತ್ತ ಸುಣ್ಣ, ಗಾಳಿಯ ತೇವ ಕುಡಿದು ಆಗಲೇ ಕೆಲಸ ಮುಗಿಸಿದೆ. ನಾನು ಮೊದಲ ಸಲ ತಂದ ಐದು ಚೀಲದಲ್ಲಿ ಮೂರು ಹೀಗೇ ಇತ್ತು. ಕೊಟ್ಟವರನ್ನು ಕೇಳಿದರೆ "ಮಳೆಗಾಲದ ಸ್ಟಾಕು" ಅಂದರು. ಅದನ್ನು ಅಡಿಕೆ ತೋಟಕ್ಕೆ ಚೆಲ್ಲಿದ್ದಾಯಿತು.

ಅರಳಿಸುವಾಗ ಜೋಪಾನ

ಅರ್ಧಕ್ಕೆ ಕೊಯ್ದ ಕಬ್ಬಿಣದ ಡ್ರಮ್ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಬಕೆಟ್ ಕರಗಿ ಸೊಟ್ಟಗಾಗುತ್ತದೆ. ಮೊದಲು ನೀರು, ಆಮೇಲೆ ಸುಣ್ಣ. ಇದನ್ನು ಉಲ್ಟಾ ಮಾಡಲೇಬೇಡಿ. ಸುಣ್ಣದ ರಾಶಿಯ ಮೇಲೆ ನೀರು ಸುರಿದರೆ ಕುದಿಯುವ ಕೆಸರು ಮುಖಕ್ಕೆ ಸಿಡಿಯುತ್ತದೆ. 1 ಕೆಜಿ ಕಲ್ಲಿಗೆ ಎರಡೂವರೆಯಿಂದ 3 ಲೀಟರ್ ನೀರು. ಒಂದೊಂದೇ ತುಂಡು ಇಳಿಸುತ್ತ, ಉದ್ದ ಕೋಲಿನಿಂದ ಕದಡುತ್ತ ಹೋಗಿ.

ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು, ಗಂಬೂಟು. ಇದರಲ್ಲಿ ಯಾವುದಕ್ಕೂ ವಿನಾಯಿತಿ ಇಲ್ಲ. ಮಕ್ಕಳು, ನಾಯಿ ಆ ಕಡೆ ಸುಳಿಯಬಾರದು. ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಇಟ್ಟಿರಿ. ಕಣ್ಣಿಗೆ ಹಾರಿದರೆ ಉಜ್ಜಬೇಡಿ. ಕನಿಷ್ಠ 20 ನಿಮಿಷ ಬಿಡದೆ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಸುಣ್ಣದ ಡ್ರಮ್ಮನ್ನು ರಾತ್ರಿ ತೆರೆದಿಡುವುದೂ ಅಪಾಯವೇ. ಮೇಲೆ ಹಲಗೆ ಹಾಕಿ ಕಲ್ಲು ಹೇರಿ.

ತಣಿದ ಮೇಲೆ ಸೊಳ್ಳೆ ಪರದೆಯಂಥ ಸಣ್ಣ ಜಾಲರಿಯಲ್ಲಿ ಸೋಸಿ. ಬೇಯದ ಕಲ್ಲು, ಜಾಸ್ತಿ ಬೆಂದ ಚೂರು ಮೇಲೆ ಉಳಿಯುತ್ತದೆ. ಜಾಸ್ತಿ ಬೆಂದ ಚೂರನ್ನು ಬಿಟ್ಟರೆ ನೆಲದೊಳಗೆ ತಿಂಗಳುಗಟ್ಟಲೆ ತಡವಾಗಿ ಅರಳಿ ಗುಳ್ಳೆ ಏಳಿಸುತ್ತದೆ. ಸೋಸಿದ್ದನ್ನು ಮೇಲೆ ಎರಡಿಂಚು ನೀರು ನಿಲ್ಲುವಂತೆ ಮುಚ್ಚಿಡಿ. ಮೂರು ವಾರ ಕಳೆದರೆ ಬೆಣ್ಣೆಯಂಥ ಹದಕ್ಕೆ ಬರುತ್ತದೆ. ಇನ್ನೂ ಜಾಸ್ತಿ ದಿನ ಇಟ್ಟರೆ ಇನ್ನೂ ಒಳ್ಳೆಯದು, ಕೆಡುವುದಿಲ್ಲ.

ಈಗ ಉಂಡೆ ಪರೀಕ್ಷೆ. ಸುಣ್ಣ 1, ಸುರ್ಕಿ 2 ಪಾಲು ಕಲಸಿ ಲಿಂಬೆಹಣ್ಣಿನ ಗಾತ್ರದ ನಾಲ್ಕು ಉಂಡೆ ಕಟ್ಟಿ. ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ಒಂದು ವಾರ ಇಡಿ. ಆಮೇಲೆ ನೀರಿನ ಪಾತ್ರೆಗೆ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಉಂಡೆ ಉಂಡೆಯಾಗೇ ಇದ್ದರೆ, ಉಗುರಿನಿಂದ ಒತ್ತಿದರೆ ಕುಳಿ ಬೀಳದಿದ್ದರೆ, ಸಾಮಾನು ಸರಿ ಇದೆ. ಕದಡಿ ಕೆಸರಾದರೆ ಸುರ್ಕಿ ಬದಲಾಯಿಸಿ. ಈ ಒಂದು ವಾರ ಉಳಿಸಲು ಹೋಗಿ ಒಂದು ನೆಲ ಕಳೆದುಕೊಳ್ಳಬೇಡಿ.

ಅಗೆಯುವುದು

ಮಲೆನಾಡಿನ ಮನೆಗಳ ಪಂಚಾಂಗ ಎತ್ತರ. ಹಾಗಾಗಿ ಸಾಮಾನ್ಯವಾಗಿ ನೀವು ಅಗೆಯುವುದು ಪಂಚಾಂಗದೊಳಗೆ ತುಂಬಿದ ಮಣ್ಣನ್ನೇ. ಆದರೂ ನಂಬಿ ಕೂರಬೇಡಿ. ಗೋಡೆಗೆ ಹತ್ತಿಕೊಂಡು ಒಂದಡಿ ಅಗಲದ ಒಂದು ಗುಂಡಿ ತೋಡಿ, ಪಂಚಾಂಗದ ಕಲ್ಲು ಎಷ್ಟು ಆಳಕ್ಕೆ ಹೋಗಿದೆ ನೋಡಿ. ನಿಮ್ಮ ಅಗೆತದ ತಳಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿನವರೆಗೂ ಕಲ್ಲು ಇರಬೇಕು. ಇಲ್ಲದಿದ್ದರೆ ಗೋಡೆಯಿಂದ ಒಂದಡಿ ದೂರದವರೆಗೆ ಮಣ್ಣು ಮುಟ್ಟದೆ ಬಿಟ್ಟು, ಅಲ್ಲಿಂದ ಇಳಿಜಾರಾಗಿ ಅಗೆಯಿರಿ. ಅನುಮಾನ ಬಂದರೆ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಮರದ ಕಂಬಗಳ ಅಡಿಗಲ್ಲಿನ ಸುತ್ತ ಒಂದೂವರೆ ಅಡಿ ಹಾರೆ ಹಾಕಲೇಬೇಡಿ. ಇಡೀ ಅಟ್ಟ, ಮಾಡು ಅದರ ಮೇಲೇ ಕೂತಿದೆ.

ಒಂದು ಸಲಕ್ಕೆ ಒಂದೇ ಕೋಣೆ. ನಮ್ಮ ನಡುಮನೆಯಿಂದ ಟ್ರಾಕ್ಟರ್‌ನಲ್ಲಿ ಮೂರು ಲೋಡು ಮಣ್ಣು ಹೊರಗೆ ಹೋಯಿತು.

ತಳ ಸಿಕ್ಕ ಮೇಲೆ ಎರಡು ವೈರಿಗಳನ್ನು ಹುಡುಕಿ. ಗೆದ್ದಲು ಮತ್ತು ಹೆಗ್ಗಣ. ಸುಣ್ಣ ಇದ್ದರೆ ಗೆದ್ದಲು ಬರಲ್ಲ ಅನ್ನುವ ಮಾತನ್ನು ನಂಬಬೇಡಿ. ಗೆದ್ದಲಿನ ಮಣ್ಣಿನ ಕೊಳವೆ ಕಂಡರೆ ಈಗಲೇ ತಿಳಿದವರಿಂದ ಮಣ್ಣಿಗೆ ಔಷಧಿ ಹೊಡೆಸಿ. ಆಮೇಲೆ ಅವಕಾಶ ಇಲ್ಲ. ಹೆಗ್ಗಣಕ್ಕಂತೂ ಲೆಕಾ ಪದರ ಸಿಕ್ಕರೆ ಅರಮನೆ ಸಿಕ್ಕ ಹಾಗೆ. ಪಂಚಾಂಗದ ಕಲ್ಲಿನ ಸಂದುಗಳನ್ನೆಲ್ಲ ಕಲ್ಲು ಚೂರು, ಸುಣ್ಣದ ಗಾರೆ ತುಂಬಿ ಮುಚ್ಚಿ. ಹೊರಗಿನಿಂದಲೂ ಒಂದು ಸುತ್ತು ನೋಡಿ.

ತಳವನ್ನು ಮಟ್ಟ ಮಾಡಿ ದಮ್ಮಸ್ಸು ಹೊಡೆಯಿರಿ. ಟ್ಯೂಬಿನಲ್ಲಿ ನೀರು ತುಂಬಿ ನಾಲ್ಕೂ ಗೋಡೆಗೆ ಮಟ್ಟದ ಗುರುತು ಹಾಕಿ, ಪ್ರತಿ ಪದರಕ್ಕೂ ದಾರ ಹೊಡೆಯಿರಿ. ಈ ಗೆರೆಗಳು ಇಲ್ಲದಿದ್ದರೆ ಕೊನೆಯಲ್ಲಿ ಟೈಲ್ಸ್ ಹೊಸ್ತಿಲಿಗಿಂತ ಮೇಲೆ ಬರುತ್ತದೆ.

ಜಲ್ಲಿ, ಬಟ್ಟೆ, ಉಂಡೆ

ತಳಕ್ಕೆ ಜಿಯೋಟೆಕ್ಸ್‌ಟೈಲ್ ಹಾಸಿ, ಅಂಚು ಗೋಡೆಯ ಮೇಲೆ ಅರ್ಧ ಅಡಿ ಏರಲಿ. ಇದು ಮಣ್ಣು ಜಲ್ಲಿಯೊಳಗೆ ಬೆರೆಯದಂತೆ ತಡೆಯುತ್ತದೆ, ನೀರಾವಿಯನ್ನು ತಡೆಯುವುದಿಲ್ಲ. ಇಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಿದರೆ ಈ ಇಡೀ ಸಾಹಸವೇ ದಂಡ.

ಅದರ ಮೇಲೆ 40 ಎಂಎಂ ಜಲ್ಲಿ 4 ಇಂಚು. ಜಲ್ಲಿಯ ಸಂದು ದೊಡ್ಡದಾದ್ದರಿಂದ ನೀರು ಬತ್ತಿಯಂತೆ ಏರಲಾರದು. ಪುಡಿ ಬೆರೆತರೆ ಸಂದು ಮುಚ್ಚಿ ಮತ್ತೆ ಬತ್ತಿಯಾಗುತ್ತದೆ. ಕ್ರಷರ್‌ನಿಂದ ಬಂದದ್ದನ್ನು ಜಾಲರಿಯ ಮೇಲೆ ಸುರಿದು ಪೈಪಿನಲ್ಲಿ ತೊಳೆದೇ ಹಾಕಿ. ಚೆನ್ನಾಗಿ ದಮ್ಮಸ್ಸು ಹೊಡೆದು ಕೂರಿಸಿ.

ಆಮೇಲೆ ಲೆಕಾ. ಉಂಡೆ ಗುಂಡಗಿರುವುದರಿಂದ ಕಾಲಿಟ್ಟರೆ ಜಾರುತ್ತದೆ, ಗುದ್ದಿದರೆ ಪುಡಿಯಾಗುತ್ತದೆ. ಹಲಗೆ ಹಾಕಿಕೊಂಡು ಅದರ ಮೇಲೇ ಓಡಾಡಿ. ಮಟ್ಟಗೋಲಿನಿಂದ ಎಳೆದು ಸಮ ಮಾಡಿ, ನೀರಾದ ಸುಣ್ಣ-ಸುರ್ಕಿ ತಿಳಿಯನ್ನು ಮೇಲೆ ಚಿಮುಕಿಸಿ. ಎರಡು ದಿನದಲ್ಲಿ ಮೇಲಿನ ಸಾಲು ಒಂದಕ್ಕೊಂದು ಅಂಟಿ ಎಳ್ಳುಂಡೆಯಂತೆ ನಿಲ್ಲುತ್ತದೆ. ಸಂದು ತುಂಬುವಷ್ಟು ಸುರಿಯಬೇಡಿ. ಉಂಡೆಗಳ ನಡುವಿನ ಗಾಳಿಯೇ ತಂಪು ತಡೆಯುವುದು. ಇದರ ಮೇಲೆ ಎರಡನೇ ಬಟ್ಟೆ.

ಸುಣ್ಣದ ಕಾಂಕ್ರೀಟು

ಗಾರೆಗೆ ಸುಣ್ಣ 1, ಸುರ್ಕಿ 2. ಐದು ಬಾಂಡ್ಲಿ ಇಟ್ಟಿಗೆ ಜಲ್ಲಿಗೆ ಎರಡೂವರೆ ಬಾಂಡ್ಲಿ ಗಾರೆ. ಇಟ್ಟಿಗೆ ಜಲ್ಲಿಯನ್ನು ಹಿಂದಿನ ರಾತ್ರಿಯೇ ನೆನೆಸಿರಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ.

ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಕಲ್ಲಿನ ಚಕ್ರ ತಿರುಗಿಸಿ ಗಾರೆ ಅರೆಯುತ್ತಿದ್ದರು. ಈಗ ಮಿಕ್ಸರ್ ಸಾಕು, ಆದರೆ ಸಿಮೆಂಟಿನ ಲೆಕ್ಕದಲ್ಲಿ ಎರಡು ನಿಮಿಷ ತಿರುಗಿಸಿ ಇಳಿಸಬೇಡಿ. ಮೊದಲು ಬರೀ ಗಾರೆಯನ್ನು ಕನಿಷ್ಠ 15 ನಿಮಿಷ ತಿರುಗಿಸಿ. ಶುರುವಿನಲ್ಲಿ ಒಣಗಿದಂತೆ ಕಾಣುತ್ತದೆ. "ನೀರು ಸಾಲ್ದು" ಅಂತ ಪೈಪ್ ಹಿಡಿಯುವವರನ್ನು ತಡೆಯಿರಿ. ತಿರುಗುತ್ತ ತಿರುಗುತ್ತ ಅದೇ ಮೆತ್ತಗಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ಅದೇ ಹದ.

ಇಲ್ಲೇ ನನಗೊಂದು ಅನುಭವ ಆಯಿತು. ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮಿಕ್ಸರ್ ಪಕ್ಕ ಬಾಯಿ ಬಿಚ್ಚಿದ ಸಿಮೆಂಟ್ ಚೀಲ.

"ಒಂದು ಬಾಂಡ್ಲಿ ಹಾಕಿದ್ದೀನಿ ಅಷ್ಟೇ ತಮ್ಮಾ, ಬೇಗ ಬಿಗಿಯುತ್ತೆ," ಅಂದರು ಮೇಸ್ತ್ರಿ. ವಯಸ್ಸಿನಲ್ಲಿ ನನ್ನ ಅಪ್ಪನಷ್ಟು ದೊಡ್ಡವರು.

"ಬೇಗ ಬಿಗಿಯೋದು ಬೇಡ ಅಂತಲೇ ಅಲ್ವಾ ಮೇಸ್ತ್ರಿಗಳೇ ಇಷ್ಟೆಲ್ಲ ಮಾಡ್ತಿರೋದು?"

ಆ ಮಿಕ್ಸರಿನಷ್ಟು ಸಾಮಾನನ್ನು ಅಂಗಳದ ಕಟ್ಟೆಗೆ ಹಾಕಿಸಿದೆ. ಸ್ವಲ್ಪ ಸಿಮೆಂಟಿನಿಂದ ಎರಡೂ ಕಡೆ ನಷ್ಟ. ಸಂದುಗಳು ಮುಚ್ಚಿ ಉಸಿರಾಟ ಕಡಿಮೆಯಾಗುತ್ತದೆ, ಗಟ್ಟಿತನವೂ ಪೂರ್ತಿ ಬರುವುದಿಲ್ಲ. ಕೆಲಸ ಶುರುವಾಗುವ ಮುಂಚೆಯೇ ಮನೆಯಲ್ಲಿರುವ ಸಿಮೆಂಟ್ ಚೀಲವನ್ನು ಕೊಟ್ಟಿಗೆಗೆ ಹಾಕಿ ಬೀಗ ಜಡಿಯಿರಿ. ತಮಾಷೆಗೆ ಹೇಳುತ್ತಿಲ್ಲ.

ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಬೇಕೇ ಅಂತ ಎಲ್ಲರೂ ಕೇಳುತ್ತಾರೆ. ತಾರಸಿಗೆ ಹಾಕುವ ಪದ್ಧತಿ ಹಳೆಯದು. ಕಲಸಲು ಸುಲಭವಾಗುತ್ತದೆ. ಒಳನೆಲಕ್ಕೆ ಅದು ಇಲ್ಲದೆಯೂ ನಡೆಯುತ್ತದೆ. ನಾವು ಹಾಕಲಿಲ್ಲ. ಬೆಲ್ಲ ಜಾಸ್ತಿಯಾದರೆ ಬಿಗಿಯುವುದು ಇನ್ನೂ ತಡ, ಇರುವೆ ಬೇರೆ.

ಕಲಸಿದ್ದನ್ನು ಸುಮಾರು 5 ಇಂಚು ಹರಡಿ, ತಟ್ಟಿ 4 ಇಂಚಿಗೆ ತನ್ನಿ. ಒಳಗಿನ ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆ ಬನ್ನಿ. ಅಡಿಯಲ್ಲಿ ಲೆಕಾ ಇರುವುದರಿಂದ ಕಬ್ಬಿಣದ ದಮ್ಮಸ್ಸು ಬೇಡ. ಮರದ ಕೊಡತಿ, ನೆಲ ಬಡಿಯುವ ಹಲಗೆ ಸಾಕು. ಬಲಕ್ಕಿಂತ ಸಲ ಮುಖ್ಯ. ಮೊದಲ ದಿನ ಎರಡು ಸುತ್ತು, ಮರುದಿನ ಎರಡು, ಮೂರನೇ ದಿನ ಒಂದು. ಬಡಿದಾಗ ಮೊದಲು "ಪಚ್ ಪಚ್" ಅನ್ನುತ್ತದೆ. ಸುಣ್ಣದ ಹಾಲು ಮೇಲೆ ಬರುತ್ತದೆ. ಮೂರನೇ ದಿನದ ಹೊತ್ತಿಗೆ ಸದ್ದು ಗಟ್ಟಿಯಾಗಿ "ಠಕ್" ಅಂದು ಕೊಡತಿ ಹಿಂದಕ್ಕೆ ಪುಟಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಎರಡನೇ ದಿನ ಕೂದಲೆಳೆಯ ಬಿರುಕು ಕಂಡರೆ ಗಾಬರಿ ಬೇಡ, ಬಡಿತದಲ್ಲೇ ಕೂಡಿಕೊಳ್ಳುತ್ತದೆ.

ಕಾಯುವುದು

ಹತ್ತರಿಂದ ಹದಿನಾಲ್ಕು ದಿನ ಒದ್ದೆ ಗೋಣಿ ಹೊದಿಸಿಡಿ. ದಿನಕ್ಕೆರಡು ಸಲ ನೀರು ಚಿಮುಕಿಸಿ. ಸಿಮೆಂಟಿಗೆ ಕಟ್ಟುವ ಹಾಗೆ ನೀರು ಕಟ್ಟಿ ನಿಲ್ಲಿಸಬೇಡಿ, ಅಡಿಯ ಪದರಗಳು ನೆನೆದುಹೋಗುತ್ತವೆ. ಬಿಸಿಲು ಬೀಳುವ ಕಿಟಕಿಗೆ ಬಟ್ಟೆ ಕಟ್ಟಿ, ಫ್ಯಾನ್ ಹಾಕಬೇಡಿ.

ಗೋಣಿ ತೆಗೆದ ಮೇಲೆ ಕನಿಷ್ಠ ಒಂದು ತಿಂಗಳು ಸುಮ್ಮನೆ ಬಿಡಿ. ಮೆತ್ತಗೆ ಓಡಾಡಬಹುದು. ಕಪಾಟು, ಮಂಚ ಇಡಬಾರದು. ಮದುವೆಯ ನೆಂಟರು ಬರುತ್ತಾರೆಂದು ಪಕ್ಕದ ಕೋಣೆಯಲ್ಲಿ ನಾವು ಹದಿನೆಂಟನೇ ದಿನಕ್ಕೇ ಗಾಡ್ರೇಜು ನಿಲ್ಲಿಸಿದೆವು. ಅದರ ನಾಲ್ಕು ಕಾಲಿನ ಕುಳಿ ಅಲ್ಲಿ ಇನ್ನೂ ಇದೆ, ಟೈಲ್ಸಿನ ಅಡಿಯಲ್ಲಿ ಅಡಗಿಕೊಂಡಿದೆ ಅಷ್ಟೇ.

ಆರಿತೋ ಇಲ್ಲವೋ ನೋಡಲು ಸ್ಟೀಲ್ ತಟ್ಟೆಯೊಂದನ್ನು ರಾತ್ರಿ ಬೋರಲು ಹಾಕಿ ಅಂಚಿಗೆ ಟೇಪ್ ಹಚ್ಚಿ. ಬೆಳಗ್ಗೆ ಒಳಗೆ ಮಂಜು ಕವಿದಿದ್ದರೆ ಇನ್ನೂ ಒಂದು ವಾರ.

ಮೇಲಿನ ಹಾಸು

ಇಷ್ಟೆಲ್ಲ ಮಾಡಿ ಮೇಲೆ ಮತ್ತೆ ವಿಟ್ರಿಫೈಡ್ ಹಾಕಿದರೆ ಮಡಕೆಗೆ ಬಾಯಿ ಕಟ್ಟಿದಂತೆ. ಹೊಳಪಿಲ್ಲದ, ಸುಟ್ಟ ಮಣ್ಣಿನ ಟೈಲ್ಸ್ ನನ್ನ ಮೊದಲ ಆಯ್ಕೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಾಡಿನ ಹಂಚಿನ ಜೊತೆ ನೆಲದ ಹಂಚೂ ನಮ್ಮ ಮನೆಗಳಿಗೆ ಬಂದಿತ್ತು. ಹಳೇ ಮನೆ ಕೆಡವುವ ಕಡೆ ಅವು ಇನ್ನೂ ಸಿಗುತ್ತವೆ. ಸಿಕ್ಕರೆ ಬಿಡಬೇಡಿ. ಶಹಾಬಾದ್ ಕಲ್ಲೂ ಆಗುತ್ತದೆ. ಕಲ್ಲು ತಾನು ಅಷ್ಟಾಗಿ ಉಸಿರಾಡದು, ಆದರೆ ಸಂದಿನ ಸುಣ್ಣ ಉಸಿರಾಡುತ್ತದೆ. ಹಾಗಾಗಿ ಚಿಕ್ಕ ಚಿಕ್ಕ ಕಲ್ಲು, ಅಗಲ ಸಂದು ಇರಲಿ. ಕೆಂಪು ನೆಲ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ: ಈಗ ಹಾಕುವ ರೆಡ್ ಆಕ್ಸೈಡ್ ನೆಲ ಸಿಮೆಂಟಿನದು. ಸುಣ್ಣದಲ್ಲೇ ಕೆಂಪು ನೆಲ ಉಜ್ಜಿ ಹೊಳಪು ಬರಿಸುವ ಕೈ ಸಿಕ್ಕರೆ ಮಾತ್ರ ಮಾಡಿಸಿ.

ಟೈಲ್ಸನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಸುಣ್ಣ 1, ಮರಳು 2, ಸುರ್ಕಿ 1 ಕಲಸಿದ ಗಾರೆಯನ್ನು ಒಂದಿಂಚು ಹರಡಿ ಕೂರಿಸಿ. ಸಂದು ಕಾಲಿಂಚು. ಗೋಡೆಯ ಪಕ್ಕ ಅರ್ಧ ಇಂಚು ಬಿಟ್ಟು, ಅದನ್ನು ಸಡಿಲ ಗಾರೆಯಿಂದ ತುಂಬಿ. ಟೈಲ್ಸ್ ಅಂಗಡಿಯ ಅಂಟು ಪುಡಿ, ಎಪಾಕ್ಸಿ ಎರಡೂ ಬೇಡ. ಒಂದು ವಾರ ಒದ್ದೆ ಬಟ್ಟೆ ಹೊದಿಸಿ. ಗೋಡೆಯ ಬುಡದ ಹಳೇ ಸಿಮೆಂಟ್ ಗಾರೆಯನ್ನೂ ಕಿತ್ತು ಸುಣ್ಣದ ಗಾರೆ ಮಾಡಿಸಿ. ನೆಲ ಬಿಡಿಸಿ ಗೋಡೆ ಕಟ್ಟಿಹಾಕಿದರೆ ಉಪಯೋಗವಿಲ್ಲ.

ಪೂರ್ತಿ ಆರಿದ ಮೇಲೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಹತ್ತು ನಿಮಿಷದಲ್ಲಿ ಉಳಿದದ್ದನ್ನು ಒಣ ಬಟ್ಟೆಯಿಂದ ಎತ್ತಿಬಿಡಿ. ಆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಮೊದಲ ವರ್ಷ ಟೈಲ್ಸಿನ ಮೇಲೆ ಅಲ್ಲಲ್ಲಿ ಬಿಳಿ ಪುಡಿ ಏಳುತ್ತದೆ. ಮಣ್ಣಿನಲ್ಲಿ, ಗಾರೆಯಲ್ಲಿ ಉಳಿದ ಉಪ್ಪು ಅದು. ಒಣ ಬ್ರಷ್‌ನಿಂದ ಗುಡಿಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ನೆಲ ತೊಳೆಯಲು ಆಸಿಡ್ ಮುಟ್ಟಲೇಬೇಡಿ. ಅದು ಸುಣ್ಣವನ್ನೇ ತಿನ್ನುತ್ತದೆ. ಸ್ವಲ್ಪ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ರಬ್ಬರ್ ಮ್ಯಾಟ್, ಪ್ಲಾಸ್ಟಿಕ್ ಕಾರ್ಪೆಟ್ ಗೋಡೆಯಿಂದ ಗೋಡೆಗೆ ಹಾಸಬೇಡಿ.

ನಮ್ಮ ನಡುಮನೆಗೆ ಈಗ ಎರಡು ಮಳೆಗಾಲ ಆಯಿತು. ಪುಷ್ಯ ಮಳೆಯಲ್ಲಿ ಎಂಟು ದಿನ ಸೂರ್ಯ ಕಾಣದಿದ್ದಾಗ ನೆಲ ಸ್ವಲ್ಪ ಕಪ್ಪಾಗಿ ತೇವ ಹೀರಿದ್ದು ಕಾಣುತ್ತದೆ. ಹನಿ ನಿಲ್ಲುವುದಿಲ್ಲ. ಒಂದು ಹೊತ್ತು ಬಿಸಿಲು ಬಂದರೆ ಬಣ್ಣ ತಿಳಿಯಾಗುತ್ತದೆ. ಗೋಡೆಯ ಉಪ್ಪು ಪೂರ್ತಿ ನಿಂತಿಲ್ಲ, ಆದರೆ ಮೊಣಕಾಲಿನಿಂದ ಪಾದದ ಗಂಟಿಗೆ ಇಳಿದಿದೆ. ಅಡುಗೆಮನೆ ಇನ್ನೂ ಬಾಕಿ. "ನನ್ನ ಒಲೆ ಎಲ್ಲಿಡ್ತೀಯ ಮಾರಾಯ ಎರಡು ತಿಂಗಳು?" ಅಂತ ಅಮ್ಮ ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಹೊಳೆದಿಲ್ಲ. ಸುಣ್ಣ ಮಾತ್ರ ಹಿತ್ತಿಲಿನ ಡ್ರಮ್ಮಿನಲ್ಲಿ ನೆನೆಯುತ್ತಿದೆ.